ಆರು ಸರ್ಟಿಫಿಕೇಟು, ಒಬ್ಬ ಮನುಷ್ಯನೂ ಇಲ್ಲ

ಅಕ್ಕನ ಮಗ ದಾವಣಗೆರೆಯ ಒಂದು ಜಿಮ್‌ನಲ್ಲಿ ಟ್ರೇನರ್. ಮೊನ್ನೆ ವಾಟ್ಸಾಪಲ್ಲಿ ತನ್ನ ಬಯೋ, ಅಂದ್ರೆ ಗಿರಾಕಿಗಳಿಗೆ ತೋರಿಸುವ ಕಿರುಪರಿಚಯ, ಕಳಿಸಿ, "ಮಾಮ, ನಿಮ್ಮ ಲಂಡನ್ ಸ್ಟೈಲಲ್ಲಿ ಸ್ವಲ್ಪ ತಿದ್ದಿಕೊಡಿ" ಅಂದ. ಓದಿದೆ. ‘ಡೈನಾಮಿಕ್ ಅಂಡ್ ರಿಸಲ್ಟ್ ಓರಿಯೆಂಟೆಡ್ ಫಿಟ್‌ನೆಸ್ ಪ್ರೊಫೆಷನಲ್’ ಅಂತ ಶುರು. ಆಮೇಲೆ ಆರು ಸರ್ಟಿಫಿಕೇಟಿನ ಹೆಸರು, ಜಿಲ್ಲಾ ಮಟ್ಟದ ಬಾಡಿಬಿಲ್ಡಿಂಗ್‌ನಲ್ಲಿ ಮೂರನೇ ಸ್ಥಾನ, ಯಾವುದೋ ಧಾರಾವಾಹಿ ನಟ ಊರಿಗೆ ಬಂದಾಗ ಇವನ ಹತ್ರ ವರ್ಕೌಟ್ ಮಾಡಿದ್ದು. ಮುಗೀತು. "ಇದರಲ್ಲಿ ನೀನೆಲ್ಲಿದ್ದೀಯೋ?" ಅಂತ ಕೇಳಿದೆ. ಅವನಿಗೆ ಬೇಜಾರಾಯ್ತು. "ಎಲ್ಲರೂ ಹೀಗೇ ಹಾಕೋದು ಮಾಮ."

ಅದೇ ನನ್ನ ತಕರಾರು.

ನಾನಿರುವುದು ಲಂಡನ್ ಅಲ್ಲ, ಅದರ ಪಕ್ಕದ ರೆಡಿಂಗ್. ಇಲ್ಲಿ ನಾನು ಹೋಗುವ ಜಿಮ್‌ನ ಗೋಡೆ ಮೇಲೆ ಟ್ರೇನರ್‌ಗಳ ಫೋಟೋ ಸಾಲಾಗಿವೆ, ಒಂದೊಂದರ ಕೆಳಗೆ ನಾಲ್ಕೈದು ಸಾಲು. ಒಬ್ಬಾಕೆ ಬರೆದುಕೊಂಡಿದ್ದಾಳೆ: ಎರಡನೇ ಮಗು ಆದಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಜಿಮ್ ಅಂದ್ರೆ ಭಯ ಇತ್ತು, ಈಗ ಅಂಥವರಿಗೇ ಹೇಳಿಕೊಡುತ್ತೇನೆ. ಕೊನೆಯ ಸಾಲು ಇನ್ನೂ ಮಜಾ. ಬೆನ್ನುನೋವು ಇದ್ದರೆ ಮೊದಲು ಫಿಸಿಯೋ ಹತ್ರ ಹೋಗಿ, ಆಮೇಲೆ ನನ್ನ ಹತ್ರ ಬನ್ನಿ ಅಂತ. ಮೊದಲ ಸಲ ಓದಿದಾಗ ನಾನು ಅಲ್ಲೇ ನಿಂತುಬಿಟ್ಟೆ. ‘ಇದು ನನ್ನ ಕೈಲಾಗಲ್ಲ’ ಅಂತ ನಮ್ಮೂರಲ್ಲಿ ಯಾರಾದರೂ ಬೋರ್ಡ್ ಹಾಕುತ್ತಾರಾ?

ಸರ್ಟಿಫಿಕೇಟ್ ಇಲ್ಲಿಯೂ ಬೇಕು. ಲೆವೆಲ್ 2 ಕೋರ್ಸ್ ಮಾಡಿದರೆ ಜಿಮ್ ಇನ್‌ಸ್ಟ್ರಕ್ಟರ್, ಲೆವೆಲ್ 3 ಆದರೆ ಪರ್ಸನಲ್ ಟ್ರೇನರ್, ಸಿಮ್ಸ್‌ಪಾ ಅನ್ನೋ ಈ ವೃತ್ತಿಯವರ ಸಂಸ್ಥೆಯ ಪಟ್ಟಿಯಲ್ಲಿ ಹೆಸರಿದ್ದರೆ ಇನ್ನೂ ಒಳ್ಳೇದು. ಆದರೆ ಅದಕ್ಕೆಲ್ಲ ಕೆಳಗೆ ಒಂದು ಸಾಲು ಸಾಕು. ಇನ್ನೊಂದು ವಿಷಯ. ಇಷ್ಟು ದಿನದಲ್ಲಿ ಇಷ್ಟು ತೂಕ ಇಳಿಸುತ್ತೇವೆ ಅಂತ ಬ್ರಿಟನ್ನಿನಲ್ಲಿ ಜಾಹೀರಾತು ಹಾಕುವಂತಿಲ್ಲ, ಜಾಹೀರಾತು ನಿಯಮದಲ್ಲೇ ಹಾಗಿದೆ. ನಮ್ಮ ಕಡೆ ಫ್ಲೆಕ್ಸ್‌ಗಳಲ್ಲಿ ‘30 ದಿನದಲ್ಲಿ 10 ಕೆಜಿ, ಗ್ಯಾರಂಟಿ’ ಅನ್ನೋದನ್ನು ತೆಗೆದುಬಿಟ್ಟರೆ ಉಳಿಯೋದು ಫೋನ್ ನಂಬರ್ ಮಾತ್ರ.

ನಮ್ಮ ಹುಡುಗನನ್ನು ಸುಮ್ನೆ ಮಾತಿಗೆಳೆದೆ. ಬೆಳಿಗ್ಗೆ ಯಾರ್ಯಾರು ಬರುತ್ತಾರೋ ಅಂದೆ. ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ತಯಾರಾಗುವ ಹುಡುಗರಂತೆ. ಅವರನ್ನು ಕರೆದುಕೊಂಡು ಹೋಗಿ ಮೈದಾನದಲ್ಲಿ 1600 ಮೀಟರ್ ಓಡಿಸುತ್ತಾನಂತೆ, ಜಿಮ್‌ನವರು ಇದಕ್ಕೆ ಬೇರೆ ಕಾಸು ಕೊಡಲ್ಲ. ಆಮೇಲೆ ಒಬ್ಬರು ರಿಟೈರ್ಡ್ ಟೀಚರಮ್ಮ, ಮಂಡಿನೋವು. ಅವರಿಗೆ ಇವನು ಡಂಬಲ್ ಮುಟ್ಟಿಸಿಯೇ ಇಲ್ಲ. ಕುರ್ಚಿ ಮೇಲೆ ದಿಂಬುಗಳನ್ನು ಪೇರಿಸಿ ಎತ್ತರ ಮಾಡಿ, ಕೈ ಊರದೆ ಕೂತು ಏಳಿ ಅಂತ ಶುರು ಮಾಡಿದ. ಅದು ಸಲೀಸಾದ ಮೇಲೆ ಒಂದು ದಿಂಬು ತೆಗೆಯೋದು, ಇನ್ನಷ್ಟು ದಿನ ಬಿಟ್ಟು ಇನ್ನೊಂದು. ಕೊನೆಗೆ ಬರೀ ಕುರ್ಚಿ, ಆಮೇಲೆ ಗಿಡ್ಡ ಸ್ಟೂಲು. ಈಚೆಗೆ ಆಯಮ್ಮ ಮೊಮ್ಮಗನ ನಾಮಕರಣದಲ್ಲಿ ಎಲ್ಲರ ಜೊತೆ ಚಾಪೆ ಮೇಲೆ ಕೂತು ಊಟ ಮಾಡಿ, ಯಾರ ಕೈಯನ್ನೂ ಹಿಡಿಯದೆ ಎದ್ದರಂತೆ.

"ಇದನ್ನ ಯಾಕೋ ಬರೀಲಿಲ್ಲ?"

"ಅದೆಲ್ಲ ಏನಂತ ಬರೀಲಿ ಮಾಮ, ಅದು ಕೆಲಸ ಅಲ್ವಾ."

ನೋಡಿ, ಇದು ನಮ್ಮ ರೋಗ. ನಿಜವಾಗಿ ಮಾಡಿದ್ದನ್ನು ಹೇಳೋಕೆ ಸಂಕೋಚ, ನಟನ ಜೊತೆ ಸೆಲ್ಫಿ ಹಾಕೋಕೆ ಯಾವ ಸಂಕೋಚವೂ ಇಲ್ಲ. ಜಂಬ ನಮಗೆ ಹೊಸದೂ ಅಲ್ಲ ಬಿಡಿ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ಸುಮಾರು ನೂರು ವರ್ಷದ ಹಿಂದೆಯೇ ತಮ್ಮ ಫೋಟೋ ಹಾಕಿ, ಭಾರತದಲ್ಲೇ ಎಲ್ಲರಿಗಿಂತ ಪರಿಪೂರ್ಣ ಮೈಕಟ್ಟು ತಮ್ಮದು ಅಂತ ಹೇಳಿಕೊಂಡವರು. ಅಂಚೆಯಲ್ಲಿ ವ್ಯಾಯಾಮ ಪಾಠ ಕಳಿಸುತ್ತಿದ್ದರು, ಹೇಳಿಕೊಳ್ಳದಿದ್ದರೆ ದೂರದೂರಿನವನಿಗೆ ಗೊತ್ತಾಗೋದು ಹೇಗೆ? ಆದರೆ ಅವರು ಹೇಳಿದ್ದು ತಾವೇ ಬೆವರು ಸುರಿಸಿ ಕಟ್ಟಿದ ಮೈ ಬಗ್ಗೆ. ಪಕ್ಕದಲ್ಲಿ ನಿಂತವನ ಹೆಸರಲ್ಲಿ ಅಲ್ಲ.

ಇನ್‌ಸ್ಟಾಗ್ರಾಂ ಬಯೋಗೆ ಸಿಗುವುದು 150 ಅಕ್ಷರ. ಆರು ಸರ್ಟಿಫಿಕೇಟು ತುರುಕಿದರೆ ಅಲ್ಲಿಗೆ ಜಾಗ ಖಾಲಿ. ನಾನು ಬರೆದುಕೊಟ್ಟಿದ್ದು ಇಷ್ಟು: ‘ಮಂಡಿನೋವು, ಶುಗರ್ ಇರೋ ಹಿರಿಯರು ಬೆಳಿಗ್ಗೆ 10ಕ್ಕೆ ಬನ್ನಿ. ಪೊಲೀಸ್ ಪರೀಕ್ಷೆಗೆ ಓಡೋರು 5:30ಕ್ಕೆ. ತೂಕಕ್ಕೆ ಗ್ಯಾರಂಟಿ ಕೊಡಲ್ಲ.’

ಹಾಗಂತ ಇಲ್ಲಿನವರೆಲ್ಲ ಸತ್ಯಹರಿಶ್ಚಂದ್ರರಲ್ಲ. ಆ ಗೋಡೆಯನ್ನೇ ನಾಲ್ಕು ಸಲ ಓದಿದರೆ ಗೊತ್ತಾಗುತ್ತೆ, ಪ್ರತಿಯೊಬ್ಬರೂ ಮೊದಲು ದಪ್ಪ ಇದ್ದರು, ಪ್ರತಿಯೊಬ್ಬರಿಗೂ ಒಂದು ನಾಯಿ, ಪ್ರತಿಯೊಬ್ಬರಿಗೂ ಕೇಕ್ ಇಷ್ಟ. ಅದೂ ವ್ಯಾಪಾರವೇ. ಇಲ್ಲಿ ಎಷ್ಟೋ ಟ್ರೇನರ್‌ಗಳಿಗೆ ಸಂಬಳ ಇಲ್ಲ, ತಾವೇ ಜಿಮ್‌ಗೆ ಬಾಡಿಗೆ ಕಟ್ಟಿ ಗಿರಾಕಿ ಹುಡುಕಿಕೊಳ್ಳಬೇಕು. ಗಂಟೆಗೆ ಮೂವತ್ತು ನಲವತ್ತು ಪೌಂಡ್ ಕೊಡುವವನು ಗೋಡೆ ಮೇಲಿನ ಒಂದೊಂದು ಅಕ್ಷರವನ್ನೂ ಓದುತ್ತಾನೆ. ದಾವಣಗೆರೆಯಲ್ಲಿ ಆ ಟೀಚರಮ್ಮ ಯಾರ ಬಯೋನೂ ಓದಲಿಲ್ಲ. ಪಕ್ಕದ ಮನೆಯವರು ಆ ಹುಡುಗ ಚೆನ್ನಾಗಿ ಮಾಡಿಸ್ತಾನೆ ಅಂದರು, ಹೋದರು. ಹೊಸದಾಗಿ ಸೇರುವ ಹುಡುಗರು ಕೇಳೋದು ತೋಳು ಎಷ್ಟು ಇಂಚು ಅಂತ. ಅವರಿಗೆ ದಿಂಬಿನ ಕಥೆ ಹೇಳಿದರೆ ಪಕ್ಕದ ಜಿಮ್‌ಗೆ ಹೋಗುತ್ತಾರೆ, ಒಪ್ಪಬೇಕು.

ನಾನು ಬರೆದಿದ್ದರಲ್ಲಿ ಮೊದಲೆರಡು ಸಾಲು ಹಾಕಿಕೊಂಡಿದ್ದಾನೆ. ಗ್ಯಾರಂಟಿ ಕೊಡಲ್ಲ ಅನ್ನೋದನ್ನು ಮಾತ್ರ ಬಿಟ್ಟ, ಓನರ್ ಒಪ್ಪಲ್ಲವಂತೆ. ಸಂಬಳ ಕೊಡೋದು ಅವರು ತಾನೇ.