ಮೇಲಿನವರ ಸ್ನಾನ, ಕೆಳಗಿನವರ ಕಾನೂನು

ಬಾಡಿಗೆ ಕರಾರು ಪತ್ರವನ್ನು ಸಹಿ ಹಾಕುವ ದಿನ ಯಾರೂ ಓದುವುದಿಲ್ಲ. ಸೂರು ಸೋರತೊಡಗಿದ ಮೇಲೆ ಓದದೆ ಇರುವವರಿಲ್ಲ. ನಮ್ಮ ಮಲಗುವ ಕೋಣೆಯ ಚಾವಣಿಯಲ್ಲಿ ಕಾಣಿಸಿಕೊಂಡ ತೇವದ ಕಲೆ ದಿನದಿಂದ ದಿನಕ್ಕೆ ಹರಡುತ್ತ, ಕೊನೆಗೆ ಹನಿಯಾಗಿ ದಿಂಬಿನ ಮೇಲೆ ಬೀಳತೊಡಗಿದಾಗ, ನಾನೂ ಕಪಾಟಿನಿಂದ ಆ ಪತ್ರವನ್ನು ತೆಗೆದು ಮೊದಲ ಬಾರಿಗೆ ಭಕ್ತಿಯಿಂದ ಓದಿದೆ. ಬಾಡಿಗೆದಾರನು ಗೋಡೆಗೆ ಮೊಳೆ ಹೊಡೆಯಕೂಡದು, ಒಳಬಾಡಿಗೆಗೆ ಕೊಡಕೂಡದು, ಫ್ಯಾನು, ಬಲ್ಬು, ನಲ್ಲಿಗಳನ್ನು ಎಣಿಸಿಕೊಂಡಷ್ಟೇ ಎಣಿಸಿ ಹಿಂದಿರುಗಿಸತಕ್ಕದ್ದು ಎಂದು ಮುಂತಾಗಿ ನನ್ನ ಕರ್ತವ್ಯಗಳು ಪುಟ ತುಂಬಿದ್ದವು. ಮಾಲೀಕರ ಪಾಲಿಗಿದ್ದದ್ದು ತಿಂಗಳ ಬಾಡಿಗೆಯನ್ನು ಸ್ವೀಕರಿಸುವ ಕರ್ತವ್ಯ ಮಾತ್ರ, ಮತ್ತು ಅದರಲ್ಲಿ ಅವರು ಎಂದೂ ಲೋಪ ಮಾಡಿದವರಲ್ಲವೆಂದು ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳಬಲ್ಲೆ.

ಮಾಲೀಕರು ನಮ್ಮ ಮೇಲಿನ ಅಂತಸ್ತಿನಲ್ಲೇ ವಾಸವಾಗಿದ್ದಾರೆ. ಹಿರಿಯರು, ಮೃದುಭಾಷಿಗಳು, ಸೂರ್ಯೋದಯಕ್ಕೆ ಮುಂಚೆಯೇ ಸ್ನಾನ ಮುಗಿಸುವ ಶಿಸ್ತಿನವರು. ಈ ಕೊನೆಯ ಗುಣವನ್ನು ಅವರು ನಮಗೆ ಹೇಳಿದ್ದಲ್ಲ, ನಮ್ಮ ಚಾವಣಿ ಹೇಳಿದ್ದು. ಮೇಲೆ ಬಕೆಟ್ ಸದ್ದಾದ ಸ್ವಲ್ಪ ಹೊತ್ತಿಗೆ ಕೆಳಗೆ ಹನಿ ಬೀಳುತ್ತಿತ್ತು. ಅವರು ತಲೆಗೆ ಸ್ನಾನ ಮಾಡುವ ದಿನ ಹನಿಗಳ ಸಂಖ್ಯೆ ಹೆಚ್ಚುತ್ತಿತ್ತು. ಇದನ್ನು ವಿನಯದಿಂದ ಅವರ ಗಮನಕ್ಕೆ ತಂದಾಗ, "ಅದು ಹಳೆಯ ಮಳೆನೀರು, ಕಾಂಕ್ರೀಟಿನಲ್ಲಿ ನಿಂತದ್ದು ನಿಧಾನವಾಗಿ ಇಳಿಯುತ್ತದೆ" ಎಂದರು. ಆಕಾಶಕ್ಕೂ ನಮ್ಮ ಚಾವಣಿಗೂ ನಡುವೆ ಅವರ ಇಡೀ ಮನೆಯಿದೆ. ಮಳೆ ಅವರನ್ನು ತೋಯಿಸದೆ ನಮ್ಮನ್ನೇ ಹುಡುಕಿಕೊಂಡು ಬರುವುದು ಹೇಗೆಂದು ನಾನು ಕೇಳಲಿಲ್ಲ. ಮಳೆನೀರಿಗೆ ಸೋಪಿನ ವಾಸನೆ ಎಲ್ಲಿಂದ ಬಂತೆಂದು ನನ್ನ ಹೆಂಡತಿ ಕೇಳಿಯೇಬಿಟ್ಟಳು. ಮಾಲೀಕರು ನಕ್ಕು, "ಈ ಕಟ್ಟಡಕ್ಕೆ ಈ ಸ್ವಭಾವ ಮೊದಲಿನಿಂದಲೂ ಇದೆ, ನಿಮಗಿಂತ ಮುಂಚೆ ಇದ್ದವರೂ ಹೇಳುತ್ತಿದ್ದರು. ಪ್ಲಂಬರಿಗೆ ಹೇಳಿದ್ದೇನೆ, ನಾಳೆ ಬರುತ್ತಾನೆ" ಎಂದು ಸಮಾಧಾನ ಮಾಡಿದರು.

ಆ ಸಮಾಧಾನದಲ್ಲಿ ಒಂದು ತಪ್ಪೊಪ್ಪಿಗೆ ಅಡಗಿತ್ತೆಂದು ನನಗೆ ತಿಳಿದದ್ದು 1882ರ ಸ್ವತ್ತು ವರ್ಗಾವಣೆ ಅಧಿನಿಯಮವನ್ನು ಓದಿದ ಮೇಲೆ. ತನಗೆ ಗೊತ್ತಿದ್ದು, ಬಾಡಿಗೆಗೆ ಬರುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಅವನಿಗೆ ಕಾಣದಂತಹ ಮುಖ್ಯ ದೋಷವನ್ನು ಮಾಲೀಕನು ಮೊದಲೇ ತಿಳಿಸತಕ್ಕದ್ದೆಂದು ಅದರ 108ನೆಯ ಪ್ರಕರಣ (ಸೆಕ್ಷನ್) ಹೇಳುತ್ತದೆ. ನಾವು ಮನೆ ನೋಡಲು ಬಂದ ದಿನ ಚಾವಣಿಗೆ ಬಳಿದಿದ್ದ ಸುಣ್ಣ ಇನ್ನೂ ಆರಿರಲಿಲ್ಲವೆಂಬುದು ನೆನಪಾಯಿತು. ಅದೇ ಪ್ರಕರಣದಲ್ಲಿ ಇನ್ನೂ ರುಚಿಯಾದ ಭಾಗವಿದೆ: ತಾನು ಮಾಡಿಸಬೇಕಾದ ರಿಪೇರಿಯನ್ನು ತಿಳುವಳಿಕೆ (ನೋಟಿಸು) ಕೊಟ್ಟ ಮೇಲೂ ತಕ್ಕ ಕಾಲದೊಳಗೆ ಮಾಲೀಕನು ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ, ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ನನ್ನ ಮುಂಗಡವನ್ನು ಬಡ್ಡಿಯಿಲ್ಲದೆ ಇಟ್ಟುಕೊಂಡಿರುವ ಮಹನೀಯರಿಂದ ಬಡ್ಡಿ ಮುರಿದುಕೊಳ್ಳುವ ಕಲ್ಪನೆಯೇ ಆ ರಾತ್ರಿ ನನಗೆ ಒಳ್ಳೆಯ ನಿದ್ರೆ ತಂದಿತು, ಬೆಳಗಿನ ಸ್ನಾನದವರೆಗೆ.

ಎಚ್ಚರವಾದ ಮೇಲೆ ಉಳಿದದ್ದನ್ನೂ ಓದಿದೆ. "ತಾನು ಮಾಡಿಸಬೇಕಾದ" ಎಂಬಲ್ಲಿಯೇ ತೊಡಕಿತ್ತು. ಯಾವುದನ್ನು ಮಾಲೀಕನೇ ಮಾಡಿಸಬೇಕೆಂಬುದು ಕರಾರಿನಲ್ಲಿಯೋ ಬೇರೊಂದು ಕಾನೂನಿನಲ್ಲಿಯೋ ಇರಬೇಕು, ಮತ್ತು ನನ್ನ ಕರಾರಿನಲ್ಲಿ ಏನಿತ್ತೆಂಬುದನ್ನು ಮೇಲೆ ನಿವೇದಿಸಿದ್ದೇನೆ. ಬಾಡಿಗೆದಾರನ ತಪ್ಪಿನಿಂದಾದ ಹಾನಿಯನ್ನು ತಿಳುವಳಿಕೆ ಬಂದ 3 ತಿಂಗಳೊಳಗೆ ಅವನು ಸರಿಪಡಿಸತಕ್ಕದ್ದೆಂದು ಲೆಕ್ಕ ಹಾಕಿ ಹೇಳಿರುವ ಅದೇ ಕಾನೂನು, ಮಾಲೀಕನ ವಿಷಯಕ್ಕೆ ಬಂದಾಗ ದಿನ ತಿಂಗಳುಗಳ ಕ್ಷುಲ್ಲಕ ಎಣಿಕೆಗೆ ಇಳಿದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಸೋರುತ್ತಿದ್ದದ್ದು ನಮ್ಮ ಚಾವಣಿಯಾದರೂ ರಿಪೇರಿಯಾಗಬೇಕಾದದ್ದು ಅವರ ಬಚ್ಚಲು. ಮೇಸ್ತ್ರಿಯನ್ನೂ ಸುತ್ತಿಗೆಯನ್ನೂ ಜೊತೆಗೆ ಕರೆದೊಯ್ದು, 1882ರ ಕಾನೂನಿನ ಬಲದಿಂದ ಮಾಲೀಕರ ಬಚ್ಚಲನ್ನು ಅಗೆಯುವಷ್ಟು ಧೈರ್ಯ ನನ್ನಲ್ಲಿರಲಿಲ್ಲ. ಕಾನೂನಿಗೂ ಅಂತಹ ಉದ್ದೇಶವಿದ್ದಂತಿಲ್ಲ. ಬಾಡಿಗೆಯನ್ನೇ ನಿಲ್ಲಿಸಿಬಿಡಿ ಎಂದು ಸ್ನೇಹಿತರೊಬ್ಬರು ಸಲಹೆ ಕೊಟ್ಟರು. ಸ್ವಂತ ಮನೆಯಲ್ಲಿ ಇರುವವರ ಸಲಹೆಗಳು ಹೀಗೆಯೇ ಧಾರಾಳವಾಗಿರುತ್ತವೆ. ಬಾಡಿಗೆ ಬಾಕಿ ಉಳಿಸಿಕೊಂಡವನನ್ನು ಹೊರಗೆ ಹಾಕುವುದಕ್ಕೆ ಮಾಲೀಕರಿಗೆ ಬೇರೆ ಕಾರಣ ಬೇಕಾಗುವುದಿಲ್ಲ.

2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಈ ಗೊಂದಲವನ್ನು ಸೊಗಸಾಗಿ ಬಿಡಿಸಿದೆ. ಕಟ್ಟಡದ ರಚನೆಗೆ ಸಂಬಂಧಿಸಿದ ರಿಪೇರಿ, ಸುಣ್ಣಬಣ್ಣ, ಕೊಳಾಯಿ ಪೈಪುಗಳ ಬದಲಾವಣೆ ಮತ್ತು ವಿದ್ಯುತ್ ವೈರಿಂಗ್ ಮಾಲೀಕರ ಹೊಣೆ. ನಲ್ಲಿಯ ವಾಷರ್, ಮೋರಿ ಶುಚಿ, ಸ್ವಿಚ್ಚು, ಗೀಸರ್, ಕಿಟಕಿಯ ಗಾಜು, ಸೊಳ್ಳೆ ಪರದೆ, ಬಾತ್‌ಟಬ್ ಇವೆಲ್ಲ ಬಾಡಿಗೆದಾರನವು. ನಮ್ಮಲ್ಲಿ ಬಾತ್‌ಟಬ್ ಇಲ್ಲದಿರುವುದು ಎಷ್ಟು ದೊಡ್ಡ ಉಳಿತಾಯವೆಂದು ಅಂದೇ ಅರಿವಾಯಿತು. ಮಾಲೀಕರು ತಮ್ಮ ಪಾಲಿನ ರಿಪೇರಿ ಮಾಡಿಸದಿದ್ದರೆ ಬಾಡಿಗೆದಾರ ಮಾಡಿಸಿ, ತಿಂಗಳ ಬಾಡಿಗೆಯ ಅರ್ಧಕ್ಕೆ ಮೀರದಂತೆ ಪ್ರತಿ ತಿಂಗಳು ಮುರಿದುಕೊಳ್ಳಬಹುದು. ಆದರೆ ಅದು ಮಾದರಿ. ರಾಜ್ಯವೊಂದು ತನ್ನ ಕಾನೂನಾಗಿ ತರುವವರೆಗೆ ಅದನ್ನು ಓದಿ ಸಂತೋಷಪಡಬಹುದೇ ಹೊರತು ಚಲಾಯಿಸಲು ಬರುವುದಿಲ್ಲ.

ಉಳಿದದ್ದು ಲಿಖಿತ ತಿಳುವಳಿಕೆ. ಕಲೆಯ ಫೋಟೊಗಳನ್ನು ಲಗತ್ತಿಸಿ, ದಿನಾಂಕ ಹಾಕಿ, ಒಂದು ಪ್ರತಿಯನ್ನು ನನ್ನಲ್ಲಿ ಇಟ್ಟುಕೊಂಡು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಅಂಚೆಯವರು ಅದನ್ನು ನಮ್ಮ ಬಾಗಿಲನ್ನು ದಾಟಿ ಮೆಟ್ಟಿಲು ಹತ್ತಿ ತಲುಪಿಸಿದರು. ಸಂಜೆ ಮಾಲೀಕರು ಇಳಿದು ಬಂದು, ತೀರ ನೊಂದ ದನಿಯಲ್ಲಿ, "ಕಾಗದ ಬರೆಯುವಂಥದ್ದು ಏನಾಗಿತ್ತು? ಮೇಲೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ" ಎಂದರು. ಆದರೂ ಅದೇ ವಾರ ಪ್ಲಂಬರ್ ಬಂದ. ಮೇಲಿನ ಬಚ್ಚಲಿನ ಟೈಲ್ಸ್ ಕಿತ್ತು, ಕೆಳಗಿನ ಪೈಪು ಬದಲಿಸಿ, ವಾಟರ್‌ಪ್ರೂಫಿಂಗ್ ಮಾಡಿ, ಅದು ಒಣಗುವವರೆಗೆ ಅಲ್ಲಿ ಒಂದು ಚೊಂಬು ನೀರನ್ನೂ ಸುರಿಯಕೂಡದೆಂದು ತೀರ್ಪು ಕೊಟ್ಟ.

ಮರುದಿನ ಇನ್ನೂ ಕತ್ತಲಿರುವಾಗಲೇ ಕರೆಗಂಟೆ ಬಾರಿಸಿತು. ಹೆಗಲಲ್ಲಿ ಟವಲು, ಕೈಯಲ್ಲಿ ಸೋಪಿನ ಪೆಟ್ಟಿಗೆ ಹಿಡಿದು ಮಾಲೀಕರು ನಿಂತಿದ್ದರು. ಕೆಲಸ ಮುಗಿಯುವವರೆಗೆ ಸ್ನಾನ ನಮ್ಮಲ್ಲಿ ಆಗಬಹುದೇ ಎಂದು ಕೇಳಿದರು. ಮಾದರಿ ಕಾಯ್ದೆಯ ಪ್ರಕಾರ ಮಾಲೀಕನು ಬಾಡಿಗೆ ಮನೆಯೊಳಗೆ ಬರಲು 24 ಗಂಟೆ ಮೊದಲು ತಿಳಿಸಬೇಕು, ಸೂರ್ಯೋದಯಕ್ಕೆ ಮೊದಲು ಬರುವಂತಿಲ್ಲ, ವಿನಾಯಿತಿ ಇರುವುದು ಯುದ್ಧ, ಪ್ರವಾಹ, ಬೆಂಕಿ, ಚಂಡಮಾರುತ, ಭೂಕಂಪಗಳಂತಹ ವಿಪತ್ತುಗಳಿಗೆ ಎಂಬುದೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಹಿಂದಿನಿಂದ ನನ್ನ ಹೆಂಡತಿ ಬಹಳ ಮರ್ಯಾದೆಯಿಂದ ಹೇಳಿದಳು: "ಅದಕ್ಕೇನು ಸಾರ್, ಖಂಡಿತ ಬನ್ನಿ. ಗೀಸರ್ ಒಂದು ಕೆಟ್ಟಿದೆ. ಅದರ ರಿಪೇರಿ ನಮ್ಮದೇ, ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇವೆ, ನಾಳೆ ಬರುತ್ತಾನೆ."