ಎಣ್ಣೆಗಿಂತ ಮೊದಲು ನೀರು

ಎಳ್ಳ ಅಮಾವಾಸ್ಯೆಗೆ ಕಲಬುರಗಿ ಜಿಲ್ಲೆಯ ಆಳಂದ ಕಡೆಯ ಹೊಲವೊಂದರಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಎಲ್ಲರೂ ಭಜ್ಜಿ, ಸಜ್ಜಿ ರೊಟ್ಟಿ ಉಣ್ಣಲು ಸಾಲಾಗಿ ಕೂತಿದ್ದರು. ಚಪ್ಪಲ್ ಬಿಟ್ಟ ಕಾಲುಗಳೆಲ್ಲ ಕಣ್ಣೆದುರಿಗೇ. ಒಬ್ಬ ಹೆಣ್ಣುಮಗಳ ಬಲ ಹಿಮ್ಮಡಿಯ ಹೊರ ಅಂಚಿಗೆ ನಾಲ್ಕು ಸೀಳು. ಒಂದರೊಳಗೆ ಎರೆಮಣ್ಣು ಕೂತು ಗಟ್ಟಿಯಾಗಿ ಕಪ್ಪು ಗೆರೆ ಎಳೆದ ಹಾಗಿತ್ತು, ತಳದಲ್ಲಿ ಹಸಿ ಕೆಂಪು. ಎದ್ದು ನೀರಿಗೆ ಹೋಗುವಾಗ ಆಕೆ ಹಿಮ್ಮಡಿ ಊರದೆ ಬೆರಳ ಮೇಲೆ ನಡೆದಳು.

ಪಕ್ಕದಾಕೆ ಮದ್ದು ಹೇಳಿದಳು: "ಅಕ್ಕಾ, ಲಿಂಬಿಹಣ್ಣ ಅರ್ಧಾ ಹೆಚ್ಚಿ, ಮ್ಯಾಲ ಸೋಡಾ ಹಾಕಿ ತಿಕ್ಕು. ಎರಡ ದಿನದಾಗ ಮೆತ್ತಗ ಆಗ್ತದ."

"ತಿಕ್ಕೀನವ್ವಾ. ಉರದದ್ದೇ ಬಂತು, ಏನೂ ಆಗಿಲ್ಲ. ರಾತ್ರಿ ಖೊಬ್ಬರಿ ಎಣ್ಣಿನೂ ಹಚ್ತೀನಿ."

ಆ ಪಕ್ಕದಾಕೆಯ ಮೇಲೆ ನನಗೆ ಸಿಟ್ಟಿಲ್ಲ. ಮೊಬೈಲಿನಲ್ಲಿ ನೋಡಿದ್ದನ್ನು ಪ್ರೀತಿಯಿಂದ ಹೇಳಿದಳು. ಒಡೆದ ಹಿಮ್ಮಡಿಗೆ ಹುಳಿ ಹಿಂಡಿ ಎಂದು ಹತ್ತು ಸೆಕೆಂಡಿನ ವಿಡಿಯೋ ಬಿಡುವವರ ಮೇಲೆ ಸಿಟ್ಟಿದೆ. ಅದಕ್ಕಿಂತ ದೊಡ್ಡ ಸಂಕಟ ಎರಡನೇ ಮಾತಿನದು. ಹಿಮ್ಮಡಿ ಒಡೆದಾಕೆ ದಿನಾ ರಾತ್ರಿ ತಪ್ಪದೆ ಎಣ್ಣೆ ಹಚ್ಚುತ್ತಿದ್ದಾಳೆ, ಆದರೆ ಒಣ ಕಾಲಿಗೆ ಹಚ್ಚುತ್ತಿದ್ದಾಳೆ. ಇಷ್ಟು ನಿಷ್ಠೆಯಿಂದ ಮಾಡಿದ ಕೆಲಸ ಒಂದೇ ಒಂದು ಹೆಜ್ಜೆ ಹಿಂದುಮುಂದಾಗಿ ವ್ಯರ್ಥವಾಗುತ್ತಿದೆ. ನೀರು ಮೊದಲು, ಎಣ್ಣೆ ಆಮೇಲೆ. ಈ ಬರಹವೆಲ್ಲ ಇದೊಂದು ಮಾತಿಗಾಗಿ.

ಅಂಗಾಲಿನ ಚರ್ಮಕ್ಕೆ ಎಣ್ಣೆ ಗ್ರಂಥಿಗಳೇ ಇಲ್ಲ. ಮುಖದಲ್ಲಿ, ತಲೆಯಲ್ಲಿ ಜಿಡ್ಡು ತಾನೇ ಒಸರುತ್ತದೆ, ಅಂಗಾಲಿನಲ್ಲಿ ಬೆವರು ಮಾತ್ರ. ಅದರ ಮೇಲ್ಪದರವೋ ಮೈಯ ಉಳಿದ ಕಡೆಗಿಂತ ಎಷ್ಟೋ ಪಾಲು ದಪ್ಪ. ಹಿಮ್ಮಡಿಯ ಒಳಗೆ ಕೊಬ್ಬಿನ ಮೆತ್ತೆ ಇದೆ. ನಾವು ನಿಂತಾಗಲೆಲ್ಲ ಅದು ಅಗಲಕ್ಕೆ ಹರಡುತ್ತದೆ. ಚರ್ಮದಲ್ಲಿ ನೀರಿನಂಶ ಇದ್ದರೆ ಅದೂ ಜೊತೆಗೆ ಹಿಗ್ಗುತ್ತದೆ. ಒಣಗಿ ಗಟ್ಟಿಯಾಗಿದ್ದರೆ ಹಿಗ್ಗಲಾರದೆ ಅಂಚಿನಲ್ಲಿ ಸೀಳುತ್ತದೆ. ನಮ್ಮ ಎರೆ ಹೊಲ ಬಿರಿಯುವುದೂ ಹೀಗೇ ಅಲ್ಲವೇ? ನೀರು ಆರಿ ಮಣ್ಣು ಕುಗ್ಗಿ ಬಾಯಿ ಬಿಡುತ್ತದೆ. ಬಿರಿದ ಹೊಲಕ್ಕೆ ಬೇಕಾದದ್ದು ನೀರು, ಒಣಗಿದ ಚರ್ಮಕ್ಕೂ ಅದೇ. ಎಣ್ಣೆಯಲ್ಲಿ ನೀರಿಲ್ಲ. ಒಳಗೆ ಹೋದ ನೀರು ಹೊರಗೆ ಹೋಗದಂತೆ ಮುಚ್ಚಳ ಹಾಕುವುದಷ್ಟೇ ಎಣ್ಣೆಯ ಕೆಲಸ. ಖಾಲಿ ಕೊಡಕ್ಕೆ ಮುಚ್ಚಳ ಹಾಕಿದರೆ ಏನು ಉಳಿಯುತ್ತದೆ?

ಲಿಂಬಿ–ಸೋಡಾದ ವಿಷಯಕ್ಕೆ ಬರೋಣ. ಲಿಂಬಿರಸ ಬಲವಾದ ಹುಳಿ, ಅಡುಗೆ ಸೋಡಾ ಕ್ಷಾರ. ಎರಡೂ ಸೇರಿದಾಗ ಬುರುಬುರು ನೊರೆ ಬರುವುದನ್ನು ಕಂಡು ಮದ್ದು ಕೆಲಸ ಮಾಡುತ್ತಿದೆ ಎಂದು ನಂಬುತ್ತಾರೆ. ಅದು ಇಂಗಾಲದ ಡೈಆಕ್ಸೈಡ್ ಹೊರಹೋಗುವ ಸದ್ದು. ಒಂದನ್ನೊಂದು ತಿಂದುಹಾಕಿ ಕೊನೆಗೆ ಉಳಿಯುವುದು ಒಂದು ಬಗೆಯ ಉಪ್ಪುನೀರು. ಹುಳಿ ಹೆಚ್ಚಾದರೆ ಸೀಳಿನೊಳಗೆ ಸುಡುತ್ತದೆ, ಸೋಡಾ ಹೆಚ್ಚಾದರೆ ಚರ್ಮ ಇನ್ನಷ್ಟು ಒಣಗುತ್ತದೆ. ಲಿಂಬಿರಸ ಹತ್ತಿದ ಕಾಲನ್ನು ಬಿಸಿಲಿಗೆ ಒಡ್ಡಿದರೆ ಬೊಬ್ಬೆ ಬಂದು ಕಪ್ಪು ಕಲೆ ಉಳಿಯಬಹುದು. ಹೊಲಕ್ಕೆ ಹೋಗುವವರಿಗೆ ಇದನ್ನು ಹೇಳಿಕೊಡುವುದು ಅನ್ಯಾಯ. ಉರಿಯುವ ಮೇಣದಬತ್ತಿಯನ್ನು ಸೀಳಿಗೆ ತೊಟ್ಟಿಕ್ಕಿಸುವುದು, ಬ್ಲೇಡಿನಿಂದ ಕೆತ್ತುವುದು ಇನ್ನೂ ಕೆಟ್ಟದ್ದು. ಮೊದಲನೆಯದು ಸುಡುತ್ತದೆ, ಎರಡನೆಯದು ಒಂದೆಳೆ ಆಳ ಹೋದರೆ ಗಾಯ, ಗಾಯಕ್ಕೆ ಮಣ್ಣು, ಆಮೇಲೆ ಕೀವು.

ಹಾಗಾದರೆ ಏನು ಮಾಡಬೇಕು? ರಾತ್ರಿ ಎಲ್ಲ ಕೆಲಸ ಮುಗಿದು ಇನ್ನು ನೆಲಕ್ಕೆ ಕಾಲಿಡುವುದಿಲ್ಲ ಎನ್ನುವ ಹೊತ್ತಿಗೆ ಕೂಡಿ. ಅಗಲ ಬೋಗುಣಿಯಲ್ಲಿ ಹಿಮ್ಮಡಿ ಮುಳುಗುವಷ್ಟು ಉಗುರುಬೆಚ್ಚಗಿನ ನೀರು, ಹತ್ತರಿಂದ ಹದಿನೈದು ನಿಮಿಷ. ಬಿಸಿ ಎಷ್ಟೆಂದು ಮೊಣಕೈ ಅದ್ದಿ ನೋಡಿ, ಕಾಲಿನಿಂದ ಅಲ್ಲ. ಸುಡುವ ನೀರು ಚರ್ಮದಲ್ಲಿದ್ದ ಅಷ್ಟಿಷ್ಟು ಜಿಡ್ಡನ್ನೂ ತೊಳೆದುಬಿಡುತ್ತದೆ. ಉಪ್ಪು ಬೇಡ, ಬಟ್ಟೆ ಸೋಪಂತೂ ಬೇಡವೇ ಬೇಡ. ನಮ್ಮ ಬೋರಿನ ನೀರು ಮೊದಲೇ ಗಡಸು. ಸೋಪು ಅದರಲ್ಲಿ ಸರಿಯಾಗಿ ಬಿಡದೆ ಬಿಳಿ ಜಿಗುಟಾಗಿ ಚರ್ಮಕ್ಕೇ ಅಂಟಿಕೊಳ್ಳುತ್ತದೆ. ಮಣ್ಣು ಇದ್ದರೆ ಮೈಸೋಪು ಸ್ವಲ್ಪ ಸವರಿ ತೊಳೆದುಬಿಡಿ.

ಚರ್ಮ ನೆನೆದು ಬೆಳ್ಳಗಾದಾಗ ಕಾಲು ತಿಕ್ಕುವ ಕಲ್ಲನ್ನೂ ಒದ್ದೆ ಮಾಡಿ ಒಂದೇ ದಿಕ್ಕಿಗೆ ಹಗುರಾಗಿ ಎಳೆಯಿರಿ, ಒಂದು ಕಾಲಿಗೆ ಒಂದು ನಿಮಿಷ ಸಾಕು. ಸೀಳಿನ ಎರಡೂ ದಡದ ಗಟ್ಟಿ ಅಂಚು ತೆಳುವಾಗಬೇಕು, ಸೀಳಿನೊಳಗೆ ಕಲ್ಲು ಹೋಗಬಾರದು. ಗುಲಾಬಿ ಬಣ್ಣ ಕಾಣುವ ಮೊದಲೇ ನಿಲ್ಲಿಸಿ. ಕಲ್ಲಿನಿಂದ ತಿಕ್ಕುವುದು ವಾರಕ್ಕೆ ಎರಡು ಸಲ ಮಾತ್ರ. ದಿನಾ ತಿಕ್ಕಿದರೆ ಒತ್ತಡಕ್ಕೆ ಉತ್ತರವಾಗಿ ಚರ್ಮ ಇನ್ನೂ ದಪ್ಪ ಬೆಳೆಯುತ್ತದೆ. ಒಣ ಹಿಮ್ಮಡಿಯನ್ನು ಫರಸಿಗೆ (ಹಾಸುಗಲ್ಲಿಗೆ) ಗರಗರ ಉಜ್ಜುವುದನ್ನು ಎಷ್ಟೋ ಮನೆಗಳ ಬಚ್ಚಲಲ್ಲಿ ನೋಡಬಹುದು. ಅದರಿಂದ ಸಿಪ್ಪೆ ಏಳುತ್ತದೆ, ಸೀಳು ಹಾಗೇ ಉಳಿಯುತ್ತದೆ.

ಈಗ ಮುಖ್ಯವಾದದ್ದು. ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ. ಬೆರಳ ಸಂದುಗಳು ಪೂರ್ತಿ ಆರಬೇಕು, ಹಿಮ್ಮಡಿ ಮಾತ್ರ ತುಸು ತೇವವಿರಬೇಕು. ಆ ತೇವ ಆರುವ ಮೊದಲು, ಎರಡು ಮೂರು ನಿಮಿಷದೊಳಗೆ ಜಿಡ್ಡು ಹಚ್ಚಬೇಕು. ಫೋನ್ ಬಂತು, ಬಾಗಿಲು ಹಾಕಿ ಬರುತ್ತೇನೆ ಎಂದು ಎದ್ದರೆ ನೆನೆಸಿದ್ದು ದಂಡ. ನೆನೆದ ಚರ್ಮ ಬಹಳ ಬೇಗ ಆರುತ್ತದೆ. ಆದ್ದರಿಂದ ಡಬ್ಬಿಯನ್ನು ಬೋಗುಣಿಯ ಪಕ್ಕದಲ್ಲೇ ಇಟ್ಟುಕೊಂಡು ಕೂಡಿ. ಒಂದೊಂದು ಹಿಮ್ಮಡಿಗೆ ದೊಡ್ಡ ಕಡಲೆಕಾಳಿನಷ್ಟು ವ್ಯಾಸಲೀನ್ ಸಾಕು. ಔಡಲೆಣ್ಣೆಯೂ (ಹರಳೆಣ್ಣೆ) ಒಳ್ಳೆಯದು, ಮಂದವಾಗಿರುವುದರಿಂದ ನಿಲ್ಲುತ್ತದೆ. ಖೊಬ್ಬರಿ ಎಣ್ಣೆ ತೆಳು, ಅರ್ಧ ಹಾಸಿಗೆಗೇ ಹೋಗುತ್ತದೆ. ಮೇಲೆ ಹಳೆಯ ಹತ್ತಿ ಕಾಲುಚೀಲ ಹಾಕಿ ಮಲಗಿ. ಗ್ಲಿಸರಿನ್ ಇದ್ದರೆ ಒಂದು ಪಾಲಿಗೆ ಎರಡು ಪಾಲು ನೀರು ಬೆರೆಸಿ ಮೊದಲು ಅದನ್ನು ಸವರಿ, ಅದರ ಮೇಲೆ ವ್ಯಾಸಲೀನ್. ಬರೀ ಗ್ಲಿಸರಿನ್ ಹಚ್ಚಬೇಡಿ. ಅದಕ್ಕೆ ನೀರೆಳೆಯುವ ಗುಣ. ನಮ್ಮ ಚಳಿಗಾಲದ ಒಣ ಗಾಳಿಯಲ್ಲಿ ನೀರು ಸಿಗದಿದ್ದರೆ ಚರ್ಮದೊಳಗಿನದನ್ನೇ ಎಳೆಯುತ್ತದೆ.

ಮುಲಾಮು ಮನೆಯಲ್ಲೇ ಮಾಡುವವರಿಗೆ ಲೆಕ್ಕ ಹೇಳುತ್ತೇನೆ. ಜೇನುಮೇಣ 10 ಗ್ರಾಂ, ಔಡಲೆಣ್ಣೆ 25 ಮಿ.ಲೀ., ಖೊಬ್ಬರಿ ಎಣ್ಣೆ 25 ಮಿ.ಲೀ. ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಸಣ್ಣ ಸ್ಟೀಲ್ ಬಟ್ಟಲಿಟ್ಟು ಮೇಣ ಕರಗಿಸಿ. ನೇರ ಉರಿಗೆ ಇಡಬೇಡಿ. ಮೇಣ 62–64 ಡಿಗ್ರಿಗೆಲ್ಲ ಕರಗುತ್ತದೆ, ಅದಕ್ಕಿಂತ ಹೆಚ್ಚಿನ ಕಾವು ಬೇಕಿಲ್ಲ. ಎಣ್ಣೆ ಬೆರೆಸಿ ಇಳಿಸಿದ ಮೇಲೆ ಮಂದವಾಗುವ ತನಕ ಕಡ್ಡಿಯಿಂದ ತಿರುಗಿಸುತ್ತಿರಿ, ಇಲ್ಲದಿದ್ದರೆ ರವೆರವೆಯಾಗುತ್ತದೆ. ಒಂದು ಹನಿ ನೀರು ಬಿದ್ದರೂ ಬೂಷ್ಟು ಬರಬಹುದು. ಬಟ್ಟಲು, ಡಬ್ಬಿ, ಬೆರಳು ಎಲ್ಲ ಒಣಗಿರಲಿ. ಏಪ್ರಿಲ್ ಬಿಸಿಲಿಗೆ ಇದು ಡಬ್ಬಿಯಲ್ಲೇ ಸಡಿಲಾಗುತ್ತದೆ, ಆಗ ಎರಡೂ ಎಣ್ಣೆ ಸೇರಿದ 50 ಮಿ.ಲೀ.ಯನ್ನು 40ಕ್ಕೆ ಇಳಿಸಿ. ಬೀದರಿನ ಚಳಿಗೆ 60 ಹಾಕಿದರೂ ನಡೆಯುತ್ತದೆ. ಅರಿಶಿನ ಹಾಕಿದರೆ ಕಾಲುಚೀಲ, ಹಾಸಿಗೆ ಹಳದಿಯಾಗುವುದು ಖಂಡಿತ, ಸೀಳು ಬೇಗ ಕೂಡುವುದೆಂಬ ಭರವಸೆ ಇಲ್ಲ. ಮತ್ತೆ ಹೇಳುತ್ತೇನೆ, ಈ ಮುಲಾಮೂ ಮುಚ್ಚಳವೇ. ನೆನೆಸದ ಕಾಲಿಗೆ ಹಚ್ಚಿದರೆ ಇದೂ ಸೋಲುತ್ತದೆ.

ನಾಲ್ಕರಿಂದ ಆರು ವಾರ ಬಿಡದೆ ಮಾಡಬೇಕು. ಮೂರನೇ ದಿನಕ್ಕೆ ಮೆತ್ತಗಾಯಿತೆಂದು ಬಿಟ್ಟರೆ ಹತ್ತನೇ ದಿನಕ್ಕೆ ಅದೇ ಜಾಗದಲ್ಲಿ ಒಡೆಯುತ್ತದೆ, ಏಕೆಂದರೆ ಕೆಳಗಿನ ಹೊಸ ಪದರ ಇನ್ನೂ ಮೇಲೆ ಬಂದಿರುವುದಿಲ್ಲ. ಮೆಡಿಕಲ್‌ನಲ್ಲಿ ಯೂರಿಯಾ ಕ್ರೀಮ್ ಸಿಗುತ್ತದೆ: ಬರೀ ಒಣಗಿದ್ದರೆ ಶೇ. 10, ತೊಗಲು ದಪ್ಪಗಟ್ಟಿದ್ದರೆ ಶೇ. 20–25. ಹಸಿ ಸೀಳಿಗೆ ಹತ್ತಿದರೆ ಉರಿಯುತ್ತದೆ, ಸುತ್ತಲೂ ಹಚ್ಚಿ.

ಕಾಲಿನ ಆರೈಕೆ ರಾತ್ರಿ ನಡೆದರೆ ಹಾಳಾಗುವುದು ಹಗಲಲ್ಲಿ. ಸವೆದು ತೆಳ್ಳಗಾದ ಹವಾಯಿ ಚಪ್ಪಲಿನ ಹಿಂದೆ ಹಿಮ್ಮಡಿ ಅರ್ಧ ಬೆರಳು ಹೊರಗೆ ಚಾಚಿರುತ್ತದೆ, ಸೀಳು ಸರಿಯಾಗಿ ಅಲ್ಲೇ ಶುರು. ಹಿಮ್ಮಡಿಯನ್ನು ಬದಿಯಿಂದ ಹಿಡಿದುಕೊಳ್ಳುವ, ಹಿಂದೆ ಮುಚ್ಚಿದ ಚಪ್ಪಲ್ ಅಥವಾ ಕ್ಯಾನ್ವಾಸ್ ಬೂಟು ಬೇಕು. ತೊಗರಿ ಕೊಯ್ದ ಹೊಲದ ಕೂಳೆ ಚುಚ್ಚುವುದರಿಂದಲೂ ಅದು ಕಾಯುತ್ತದೆ. ಹೊಲದ ಮುಖ ನೋಡದ ಶಹರದ ಹೆಣ್ಣುಮಕ್ಕಳ ಹಿಮ್ಮಡಿ ಒಡೆಯುವುದು ಬೇರೆ ದಾರಿಯಿಂದ: ಬರಿಗಾಲಲ್ಲಿ ಗಟ್ಟಿ ಶಹಾಬಾದ್ ಫರಸಿಯ ಮೇಲೆ ಗಂಟೆಗಟ್ಟಲೆ ಅಡುಗೆಗೆ ನಿಲ್ಲುವುದು, ಬಟ್ಟೆ ಒಗೆಯುವಾಗ ಸೋಪಿನ ಪುಡಿಯ ನೀರಲ್ಲೇ ಕಾಲಿಟ್ಟು ಕೂಡುವುದು. ಮನೆಯೊಳಗೊಂದು ಜೋಡಿ ಮೆತ್ತನೆ ಚಪ್ಪಲ್ ಇಟ್ಟುಕೊಂಡರೆ ಯಾರ ಮಡಿಯೂ ಕೆಡುವುದಿಲ್ಲ.

"ದುಡಿಯೋ ಕಾಲು ಒಡೆಯೋದೇ, ನಮ್ಮ ಹಿರೇರೂ ಹಿಂಗೇ ಬದುಕ್ಯಾರ" ಎಂದು ಬಹಳ ಜನ ಹೇಳುತ್ತಾರೆ. ಈ ಮಾತು ಕೇಳಿದಾಗ ನನ್ನ ದನಿ ಏರುತ್ತದೆ, ತಡೆಯಲಾರೆ. ಹಿರಿಯರೂ ನೋವು ತಿಂದರು ಎಂದಷ್ಟೇ ಅದರ ಅರ್ಥ. ದುಡಿಯುವ ಕಾಲು ಎಂಬ ಕಾರಣಕ್ಕೇ ಅದಕ್ಕೆ ಹದಿನೈದು ನಿಮಿಷದ ನೀರು, ಕಡಲೆಕಾಳಿನಷ್ಟು ಜಿಡ್ಡು ಸಲ್ಲಬೇಕು.

ಇನ್ನು, ಎಲ್ಲ ಒಡಕೂ ಬರೀ ಒಣಕಲಲ್ಲ. ಅಂಗಾಲಿಡೀ ಹಿಟ್ಟು ಉದುರಿಸಿದ ಹಾಗೆ ಪುಡಿಪುಡಿ, ತುರಿಕೆ, ಬೆರಳ ಸಂದು ಬೆಳ್ಳಗೆ, ಉಗುರು ಹಳದಿಯಾಗಿ ದಪ್ಪ ಇದ್ದರೆ ಅದು ಶಿಲೀಂಧ್ರದ ಸೋಂಕು ಇರಬಹುದು. ಅದರ ಮೇಲೆ ಎಣ್ಣೆ ಹಚ್ಚಿ ಕಾಲುಚೀಲ ಹಾಕಿದರೆ ಬೆಚ್ಚಗೆ ಬೆಳೆಸಿದಂತೆ. ಅಂಚು ಸ್ಪಷ್ಟವಿರುವ ದಪ್ಪ ಕಲೆ ಅಂಗೈ, ಮೊಣಕೈಯಲ್ಲೂ ಇದ್ದರೆ ಸೋರಿಯಾಸಿಸ್ ಇರಬಹುದು. ಎರಡಕ್ಕೂ ಚರ್ಮದ ಡಾಕ್ಟರ್ ಬೇಕು. ಶುಗರ್ ಹಳೆಯದಾದಂತೆ ಹಲವರಲ್ಲಿ ನರಗಳು ಮಂಕಾಗಿ ಕಾಲು ಬೆವರುವುದೇ ನಿಲ್ಲುತ್ತದೆ, ಒಣಗಿ ಒಡೆಯುತ್ತದೆ, ಒಡೆದದ್ದು ಗೊತ್ತೂ ಆಗುವುದಿಲ್ಲ. ಅಂಥವರು ನೆನೆಸಬಾರದು, ಕಲ್ಲೂ ಮುಟ್ಟಬಾರದು. ತೊಳೆದು, ಒತ್ತಿ ಒರೆಸಿ, ಬೆರಳ ಸಂದು ಬಿಟ್ಟು ತೇವದ ಮೇಲೆ ವ್ಯಾಸಲೀನ್ ಹಚ್ಚಲಿ, ದಿನಾ ಕನ್ನಡಿ ಹಿಡಿದು ಅಂಗಾಲು ನೋಡಲಿ. ಸೀಳಿನಲ್ಲಿ ರಸಿಗೆ ಕಂಡರೆ ಅದೇ ದಿನ ಆಸ್ಪತ್ರೆಗೆ.

ಅಂಗಾಲಿಗೆ ಸ್ಪರ್ಶವೇ ಇಲ್ಲ, ಮೈಮೇಲೆ ತಿಳಿಬಣ್ಣದ ಮಚ್ಚೆಯೂ ಇದೆ ಎಂದಾದರೆ ಕುಷ್ಠವಿದೆಯೇ ಎಂದು ತೋರಿಸಿಕೊಳ್ಳಲು ನಾಚಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ಪೂರ್ತಿ ವಾಸಿಯಾಗುತ್ತದೆ. ಕುಷ್ಠದಿಂದ ಜೋಮು ಹಿಡಿದ ಕಾಲಿಗೆ (ಶುಗರ್ ಇದ್ದವರಿಗೆ ಮೇಲೆ ಹೇಳಿದ್ದೇ) ಆರೋಗ್ಯ ಕಾರ್ಯಕರ್ತರು ಕಲಿಸುವುದೂ ನೀರು ಮೊದಲು, ಎಣ್ಣೆ ಆಮೇಲೆ ಎಂಬ ಇದೇ ಕ್ರಮ: ಕಾಯಿಸದ ನೀರಿನಲ್ಲಿ ನೆನೆಸು, ಹಗುರಾಗಿ ಕೆರೆ, ತೇವವಿರುವಾಗಲೇ ಎಣ್ಣೆ ಹಚ್ಚು.

ನಾಳೆಯೇ ತೊಗರಿ ರಾಶಿಗೆ ಹೋಗಬೇಕು, ಸೀಳು ಆಳವಾಗಿದೆ, ಆರು ವಾರ ಕಾಯುವ ಹಾಗಿಲ್ಲ ಎನ್ನುವವರು ಹೀಗೆ ಮಾಡಿ. ಸೀಳಿನ ಮಣ್ಣು ತೊಳೆದು ಆರಿಸಿ, ಒಳಗೆ ಬೆಂಕಿಕಡ್ಡಿ ತಲೆಯಷ್ಟೇ ವ್ಯಾಸಲೀನ್ ಇಡಿ. ಸುತ್ತಲ ಚರ್ಮ ಒಣಗಿರಲಿ, ಜಿಡ್ಡಿದ್ದರೆ ಅಂಟುವುದಿಲ್ಲ. ಮೆಡಿಕಲ್‌ನಲ್ಲಿ ಸಿಗುವ ಪೇಪರ್ ಟೇಪನ್ನು ಎರಡು ಇಂಚು ಕತ್ತರಿಸಿ, ಒಂದು ದಡಕ್ಕೆ ಅಂಟಿಸಿ, ಎರಡೂ ದಡ ಕೂಡುವಂತೆ ಬೆರಳಿಂದ ಒತ್ತಿ ಹಿಡಿದು ಸೀಳಿಗೆ ಅಡ್ಡವಾಗಿ ಎಳೆದು ಅಂಟಿಸಿ. ಸೀಳಿನುದ್ದಕ್ಕೆ ಹಚ್ಚಿದರೆ ಪ್ರಯೋಜನವಿಲ್ಲ. ಮೇಲೆ ಹತ್ತಿ ಕಾಲುಚೀಲ, ಬೂಟು. ಸಂಜೆ ನೀರಿನಲ್ಲಿ ನೆನೆಸಿಯೇ ಟೇಪ್ ಬಿಡಿಸಿ, ಒಣಗಿದ್ದಾಗ ಕಿತ್ತರೆ ಕೂಡುತ್ತಿದ್ದ ಚರ್ಮ ಮತ್ತೆ ಬಾಯಿ ಬಿಡುತ್ತದೆ.