ಬಾತುಕೋಳಿ ಮನೆಯ ಮಾನ್ಯರು

ಹಾಲು ನೋಡ್ಕೋ ಅಂದರೆ ನಾನು ಕಿಟಕಿ ನೋಡುತ್ತಾ ನಿಂತಿರುತ್ತಿದ್ದೆ. ಹಾಲು ಉಕ್ಕಿ ಒಲೆಯೆಲ್ಲ ಬೆಳ್ಳಗೆ. ಅಜ್ಜಿ ಬೈಯುತ್ತಿರಲಿಲ್ಲ. "ಆಹಾ, ಎಂಥಾ ಘನಂದಾರಿ ಕೆಲಸ ಮಾಡಿದ್ಯೋ ಪುಣ್ಯಾತ್ಮ!" ಅನ್ನುತ್ತಿದ್ದರು. ಹುಡುಕಿದರೂ ಒಂದು ಕೆಟ್ಟ ಮಾತು ಸಿಗುವುದಿಲ್ಲ, ಅಲ್ವಾ?

ಇಂಗ್ಲಿಷಿನ 'ಎಗ್ರೀಜಿಯಸ್' ಪದದ ಕಥೆಯೂ ಇದೇ. ಲ್ಯಾಟಿನ್‌ನಲ್ಲಿ 'ಗ್ರೆಕ್ಸ್' ಅಂದರೆ ಕುರಿಮಂದೆ, 'ಎ' ಅಂದರೆ ಹೊರಗೆ. ಮಂದೆಯಲ್ಲಿ ಒಂದಾಗದೆ ಎದ್ದು ಕಾಣುವವನು, ಅಂದರೆ ನೂರಕ್ಕೊಬ್ಬ ಗಟ್ಟಿಗ. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ಅದು ಹೊಗಳಿಕೆಯೇ. ಆಮೇಲೆ ಅಲ್ಲಿಯ ಜನ ನಮ್ಮಜ್ಜಿಯ ಧಾಟಿ ಹಿಡಿದರು. ಹೊಗಳಿಕೆ ಸವೆದುಹೋಗಿ ಬೈಗುಳವೊಂದೇ ಉಳಿಯಿತು. ಈಗ ಕಣ್ಣಿಗೆ ರಾಚುವ ತಪ್ಪು, ನಾಚಿಕೆಗೆಟ್ಟ ನಡತೆಗೆ ಈ ಪದ. ಇಟಲಿಯಲ್ಲಿ ಮಾತ್ರ ಕಾಗದದ ತಲೆಯಲ್ಲಿ 'ಎಗ್ರೇಜೋ' ಅಂತ ಬರೆದರೆ ಇವತ್ತಿಗೂ 'ಮಾನ್ಯರೇ' ಎಂದೇ ಅರ್ಥ.

ಇಂಗ್ಲೆಂಡಿಗೆ ಎರಡೂ ಅರ್ಥ ಒಟ್ಟಿಗೆ ಬೇಕಾಗಿದ್ದವು ಅಂತ ನನಗೆ ಗೊತ್ತಾದದ್ದು 2009ರಲ್ಲಿ. ಅಲ್ಲಿಯ ಸಂಸದರು ಎರಡನೇ ಮನೆ ಇಟ್ಟುಕೊಳ್ಳಲು ಸರ್ಕಾರ ಕೊಡುತ್ತಿದ್ದ ಭತ್ಯೆಯ ಬಿಲ್ಲುಗಳು ಪತ್ರಿಕೆಗೆ ಸಿಕ್ಕಿದ ವರ್ಷ ಅದು. ಸರ್ ಪೀಟರ್ ವಿಗರ್ಸ್ ಎಂಬ ಸಂಸದರು ತಮ್ಮ ಕೊಳದ ಬಾತುಕೋಳಿಗಳಿಗೆ ತೇಲುವ ಮನೆ ತರಿಸಿ, 1,645 ಪೌಂಡ್ ಕೇಳಿದ್ದರು. ಸಂಸತ್ತಿನ ಕಚೇರಿಯವರು ಕೊಡಲಿಲ್ಲ, ಪುಣ್ಯ. ಇನ್ನೊಬ್ಬರ ಖರ್ಚಿನ ಪಟ್ಟಿಯಲ್ಲಿ ಮನೆ ಸುತ್ತಲ ಕಂದಕ ಸ್ವಚ್ಛ ಮಾಡಿಸಿದ್ದು, 2,115 ಪೌಂಡ್. ಕಂದಕ! ನಾವು ಅದನ್ನು ನೋಡಬೇಕಾದರೆ ಚಿತ್ರದುರ್ಗದ ಬಸ್ಸು ಹತ್ತಬೇಕು.

ಈ ಸಂಸದರು ಕೂರುವ ಸದನದಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವ ಹಾಗಿಲ್ಲ, 'ಮಾನ್ಯ ಸದಸ್ಯರು' ಅನ್ನಬೇಕು. 'ಸುಳ್ಳುಗಾರ' ಅಂದರೆ ಮಾತು ವಾಪಸ್ ತಗೋಬೇಕು, ಇಲ್ಲದಿದ್ದರೆ ಎದ್ದು ಹೊರಗೆ ನಡೀಬೇಕು. ಬಾತುಕೋಳಿ ಬಿಲ್ಲು ಕೊಟ್ಟವರಿಗೆ ಅಂಥ ಶಿಕ್ಷೆ ಇಲ್ಲ. ಸುಮ್ನೆ ಕೂತರೆ ಸಾಕು, ಮಾನ್ಯರೇ.

ಕೊನೆಗೆ ಲೆಕ್ಕ ತಪಾಸಣೆ ನಡೆದು, ಹಾಲಿ ಮಾಜಿ ಸೇರಿ 300ಕ್ಕೂ ಜಾಸ್ತಿ ಮಂದಿ ಹಣ ವಾಪಸ್ ಕಟ್ಟಬೇಕಾಯಿತು. ಇಷ್ಟು ದೊಡ್ಡ ಮಂದೆ! ಹಾಗಾದರೆ ಹಳೇ ಅರ್ಥದ ಎಗ್ರೀಜಿಯಸ್ ಯಾರು? ಸರ್ ಪೀಟರ್ ಅವರೇ ಆಮೇಲೆ ಹೇಳಿದರು, ಆ ಮನೆ ಬಾತುಕೋಳಿಗಳಿಗೆ ಹಿಡಿಸಲೇ ಇಲ್ಲವಂತೆ.